ಕೂದಲ ರೆಕ್ಕೆಯ ನೊಣ



ಮೂವತ್ತು ವರ್ಷಕ್ಕೂ ಮಿಕ್ಕು ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿ ನಿವೃತ್ತನಾದ ನನ್ನಂಥವನು ಮೀನಿನ ಗಾಳವೊಂದನ್ನು ಕುರಿತು ಮಾತನಾಡಲು ಹೊರಟಿರುವುದು ನಿಮಗೆ ವಿಚಿತ್ರವೆನಿಸಬಹುದು. ನನಗೂ ಅದು ವಿಚಿತ್ರವೇ. ನಮ್ಮದು ಮೀನಿನ ವಾಸನೆ ಹೊಸ್ತಿಲು ದಾಟದ ಮನೆತನ. ಗಾಳವೆಂಬುದನ್ನು ನಾನು ಬಲ್ಲದ್ದು ಕಾವ್ಯದ ಉಪಮೆಯಾಗಿ ಮಾತ್ರ. ಆನೆ ಸ್ಪರ್ಶದಿಂದ, ಜಿಂಕೆ ಶಬ್ದದಿಂದ, ಪತಂಗ ರೂಪದಿಂದ, ದುಂಬಿ ಗಂಧದಿಂದ, ಮೀನು ರಸದಿಂದ ಕೆಡುತ್ತವೆ. ಒಂದೊಂದೇ ಇಂದ್ರಿಯದ ಚಾಪಲ್ಯ ಒಂದೊಂದು ಪ್ರಾಣಿಯನ್ನು ಕೊಲ್ಲುವಾಗ ಐದೂ ಇಂದ್ರಿಯಗಳ ಮನುಷ್ಯನ ಗತಿಯೇನು ಎಂದು ನಮ್ಮ ಕವಿಗಳೂ ನೀತಿಕಾರರೂ ಮತ್ತೆ ಮತ್ತೆ ಕೇಳಿದ್ದಾರೆ. ಮೀನೆಂದರೆ ನಾಲಗೆಯ ಚಪಲ, ಗಾಳವೆಂದರೆ ಅದರ ಶಿಕ್ಷೆ ಎಂದು ನಾನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಆ ವಿವರಣೆ ಎಲ್ಲ ಮೀನಿಗೂ ಹೊಂದುವುದಿಲ್ಲವೆಂದು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ, ಅದೂ ಒಂದು ನಶ್ಯದ ಡಬ್ಬಿಯಿಂದ.

ನನ್ನ ತಂಗಿಯನ್ನು ಕೊಟ್ಟದ್ದು ಕಮಲಾಪುರಕ್ಕೆ. ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದರೆ ಸುಮಾರು ಒಂದು ತಾಸಿನ ಬಸ್ಸಿನ ಪಯಣ. ಕೆಂಪು ಬಾಳೆಗೆ ಹೆಸರಾದ ಊರು. ಭಾವನವರಿಗೂ ಒಂದು ಬಾಳೆಯ ತೋಟವಿತ್ತು. ಮಿತಭಾಷಿಗಳು, ನಿಷ್ಠುರರು, ಬೆಳಗಿನ ಪೂಜೆ ಮುಗಿಯದೆ ಹನಿ ನೀರು ಮುಟ್ಟದವರು. ಅವರ ಒಬ್ಬನೇ ಮಗ, ನನ್ನ ಸೋದರಳಿಯ, ಎಂಜಿನಿಯರಾಗಿ ಅಮೆರಿಕದ ವಾಷಿಂಗ್ಟನ್ ರಾಜ್ಯ ಸೇರಿದ. ಕೆಲವು ವರ್ಷಗಳ ತರುವಾಯ ಒಂದು ಹೊಳೆಯಲ್ಲಿ ಸೊಂಟದ ಮಟ್ಟ ನೀರಿನಲ್ಲಿ ನಿಂತು ಎರಡೂ ಕೈಗಳಲ್ಲಿ ದೊಡ್ಡ ಮೀನೊಂದನ್ನು ಹಿಡಿದುಕೊಂಡ ಅವನ ಚಿತ್ರ ಯಾರದೋ ಮೊಬೈಲಿನ ಮೂಲಕ ಕಮಲಾಪುರವನ್ನು ತಲುಪಿತು. ಭಾವನವರು ಚಿತ್ರವನ್ನು ನೋಡಿದರು, ಏನೂ ಅನ್ನಲಿಲ್ಲ. ಅಂದಿನಿಂದ ಮಗನ ಫೋನು ಬಂದಾಗ ಎದ್ದು ತೋಟಕ್ಕೆ ಹೋಗತೊಡಗಿದರು. ತಂದೆ ಮಕ್ಕಳ ನಡುವೆ ಮತ್ತೆ ಮಾತು ಬೆಳೆಯಲಿಲ್ಲ. ಭಾವನವರು ತೀರಿಕೊಂಡಾಗ ಅವನು ಬಂದ, ಮಣ್ಣು ಕೊಟ್ಟ, ಹೋದ.

ಮೊದಲ ವರ್ಷದ ಪುಣ್ಯಸ್ಮರಣೆಗೆ ಮನೆ ಒಪ್ಪ ಮಾಡುವಾಗ ನನ್ನ ತಂಗಿಗೆ ಗಂಡನ ಟ್ರಂಕಿನ ತಳದಲ್ಲಿ, ವಿಭೂತಿ ಗಟ್ಟಿಗಳ ಪಕ್ಕದಲ್ಲಿ, ಒಂದು ಖಾಲಿ ನಶ್ಯದ ಡಬ್ಬಿ ಸಿಕ್ಕಿತು. ತೆರೆದರೆ ಒಳಗೆ ಕಬ್ಬಿಣಕ್ಕೆ ಸುತ್ತಿದ ಕರಿಯ ದಾರ, ಬಿಳಿಯ ಕೂದಲು, ಕೆಂಪು ಗರಿ. ಅವಳು ಹೆದರಿ ಡಬ್ಬಿಯನ್ನು ಹಿತ್ತಲಿನ ಕಟ್ಟೆಯ ಮೇಲಿಟ್ಟು ನನಗೆ ಫೋನು ಮಾಡಿದಳು. "ಅಣ್ಣಾ, ಯಾರೋ ಮಾಟಾ ಮಾಡ್ಸ್ಯಾರ. ಅದಕ್ಕೇ ಅಪ್ಪ ಮಗ ಹಿಂಗಾದ್ರು" ಎಂದು ಅವಳು ಅಳುತ್ತಿದ್ದಳು. ಮೂರು ದಾರಿ ಕೂಡುವಲ್ಲಿ ಅದನ್ನು ಸುಡಬೇಕೆಂದು ನೆರೆಮನೆಯವರು ಆಗಲೇ ತೀರ್ಪು ಕೊಟ್ಟಿದ್ದರು. ನಾನು ಬರುವವರೆಗೆ ಸುಡಬೇಡ ಎಂದು ಹೇಳಿ ಮರುದಿನ ಮುಂಜಾನೆಯ ಬಸ್ಸು ಹಿಡಿದೆ.

ಕನ್ನಡಕ ಏರಿಸಿ ನೋಡಿದೊಡನೆ ಅದು ಮಾಟವಲ್ಲ, ಗಾಳ ಎಂಬುದು ನನಗೆ ಗೊತ್ತಾಯಿತು. ಯಾರಿಂದ ಬಂದದ್ದಿರಬಹುದೆಂಬ ಊಹೆಯೂ ಹುಟ್ಟಿತು. ಆದರೆ ಗ್ರಂಥಸಂಪಾದನೆಯ ಪಾಠ ಹೇಳಿದವನಿಗೆ ಊಹೆ ಆಧಾರವಲ್ಲ. ಓಲೆಯ ಪ್ರತಿಯೊಂದು ಕೈಗೆ ಬಂದಾಗ ಮೊದಲು ಅದರ ಉದ್ದಗಲ, ಗರಿಗಳ ಸಂಖ್ಯೆ, ಅಕ್ಷರದ ತಿರುವು, ಲಿಪಿಕಾರನ ರೂಢಿ ಎಲ್ಲವನ್ನೂ ಬರೆದಿಟ್ಟುಕೊಳ್ಳಬೇಕು. ಇದು ಯಾವ ಕಾವ್ಯ, ಯಾರ ಕೈ ಎಂಬ ಪ್ರಶ್ನೆ ಆಮೇಲಿನದು. ಹಾಗೆಯೇ ಒಂದು ಕಾಗದದ ಮೇಲೆ ಬರೆದುಕೊಂಡೆ. ಕೊಕ್ಕೆ ಕರಿಯ ಮೆರುಗಿನದು. ದಾರ ಕಟ್ಟುವ ಕಣ್ಣು ಮೇಲಕ್ಕೆ ಬಾಗಿದೆ. ಬಾಲದಲ್ಲಿ ಕೆಂಪು ಬಣ್ಣ ಹಾಕಿದ ಗರಿಯ ಎಳೆಗಳು. ಬಾಲದ ಬುಡದಲ್ಲಿ ಹೊಳೆಯುವ ಎಳೆಹಸಿರು ಪಟ್ಟಿ. ಮೈ ಕಪ್ಪು, ಅದರ ಮೇಲೆ ಸುರುಳಿಯಾಗಿ ಸುತ್ತಿದ ಬೆಳ್ಳಿಯ ಜರಿ. ಕೊರಳಲ್ಲಿ ಕರಿಯ ಕೋಳಿಗರಿ. ಬೆನ್ನ ಮೇಲೆ ಹಿಂದಕ್ಕೆ ಬಾಗಿದ ಬಿಳಿಯ ಕೂದಲಿನ ಕುಚ್ಚು. ಕೊಕ್ಕೆಯ ಹಿಮ್ಮುಳ್ಳು ಜಜ್ಜಿಹೋಗಿದೆ. ಈ ಕೊನೆಯದನ್ನು ನಾನು ಲಿಪಿಕಾರನ ಸ್ಖಾಲಿತ್ಯವೆಂಬಂತೆ ಅಂಚಿನಲ್ಲಿ ಗುರುತು ಹಾಕಿಕೊಂಡೆ.

ಕಲಬುರಗಿಗೆ ಮರಳಿ ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಕಾಗದವನ್ನೂ ಚಿತ್ರವನ್ನೂ ತೋರಿಸಿದೆ. ಅವರು ಎರಡು ದಿನ ಪುಸ್ತಕಗಳನ್ನು ತಿರುವಿ ಬಂದು ನನಗೆ ಗುರುಗಳಾದರು. ಪಶ್ಚಿಮದವರು ಇಂಥದನ್ನು ಫ್ಲೈ, ಎಂದರೆ ನೊಣ, ಎನ್ನುತ್ತಾರೆ. ನೀರಿನ ಮೇಲೆ ತೇಲುವುದು ಡ್ರೈ ಫ್ಲೈ. ಮುಳುಗಿ ಚಲಿಸುವುದು ವೆಟ್ ಫ್ಲೈ. ಇದು ಎರಡನೆಯ ಜಾತಿಯದು. ಮೇಲಕ್ಕೆ ಬಾಗಿದ ಕಣ್ಣಿನ ಕರಿಯ ಕೊಕ್ಕೆ ಸಾಲ್ಮನ್ ಮೊದಲಾದ ದೊಡ್ಡ ಮೀನುಗಳಿಗೆ ರೂಢಿಯಾಗಿ ಬಂದದ್ದು. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಇಂಥ ನೊಣಗಳ ರೆಕ್ಕೆಗೆ ದೇಶದೇಶದ ಪಕ್ಷಿಗಳ ಗರಿ ಬೇಕಾಗುತ್ತಿತ್ತು. 1895ರಲ್ಲಿ ಬಂದ ಜಾರ್ಜ್ ಕೆಲ್ಸನ್ ಅವರ 'ದಿ ಸಾಲ್ಮನ್ ಫ್ಲೈ' ಎಂಬ ಗ್ರಂಥ ಅಂಥ ಕಟ್ಟುಗಳ ಒಂದು ನಿಘಂಟಿನಂತಿದೆಯಂತೆ. ಅವುಗಳಲ್ಲಿ ಬಹಳ ಬೇಡಿಕೆಯ ಗರಿಯೊಂದು ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಕೊರಳಿನದು. ಅರಗಿನ ತೊಟ್ಟಿಟ್ಟಂತೆ ಹೊಳೆಯುವ ಚುಕ್ಕೆಗಳ ಗರಿ. ನಮ್ಮ ಕಾಡಿನ ಹುಂಜ ಸ್ಕಾಟ್ಲೆಂಡಿನ ಹೊಳೆಯಲ್ಲಿ ಮೀನಿಗೆ ಕಣ್ಣು ಹೊಡೆದದ್ದು ಯಾವ ಕವಿಸಮಯದಲ್ಲೂ ಇಲ್ಲ. ಇಂದು ಆ ಪಕ್ಷಿಯ ಬೇಟೆ ನಮ್ಮಲ್ಲಿ ಕಾನೂನಿಗೆ ವಿರುದ್ಧ.

ಇಪ್ಪತ್ತನೆಯ ಶತಮಾನದಲ್ಲಿ, ಮುಖ್ಯವಾಗಿ ಉತ್ತರ ಅಮೆರಿಕದಲ್ಲಿ, ಗರಿಯ ಸ್ಥಾನಕ್ಕೆ ಕೂದಲು ಬಂದಿತು: ಜಿಂಕೆಯ ಬಾಲ, ಅಳಿಲಿನ ಬಾಲ, ಕರುವಿನ ಬಾಲ. ಅಗ್ಗ, ಗಟ್ಟಿ, ಅದಕ್ಕಿಂತ ಮಿಗಿಲಾಗಿ ಹರಿವ ನೀರಿನಲ್ಲಿ ಅದಕ್ಕೆ ಚಲನೆಯುಂಟು. ಇದೇ ಹೇರ್‌ವಿಂಗ್, ಕೂದಲ ರೆಕ್ಕೆ. ಕರಿಯ ಮೈ, ಬೆಳ್ಳಿಯ ಜರಿ, ಕೆಂಪು ಬಾಲ, ಬಿಳಿಯ ರೆಕ್ಕೆ ಇರುವ ಕಟ್ಟಿಗೆ ಸ್ಕಂಕ್ ಎಂದು ಹೆಸರು; ಕಪ್ಪು ಮೈಮೇಲೆ ಬಿಳಿಯ ಪಟ್ಟೆಯಿರುವ ಅಲ್ಲಿಯ ಒಂದು ಪ್ರಾಣಿಯ ಹೆಸರದು. ಬಾಲದ ಬುಡದಲ್ಲಿ ಹಸಿರು ಪಟ್ಟಿ ಸೇರಿದರೆ ಅದು ಗ್ರೀನ್ ಬಟ್ ಸ್ಕಂಕ್. ಒಂದು ಅಕ್ಷರದಿಂದ ಪಾಠಾಂತರ ತಿಳಿಯುವಂತೆ ಒಂದು ಹಸಿರು ಪಟ್ಟಿಯಿಂದ ನಮ್ಮ ಡಬ್ಬಿಯ ವಸ್ತು ಇನ್ನೊಂದು ಶಾಖೆಗೆ ಸೇರಿತು. ಇದು ಶಾಂತಸಾಗರದ ತೀರದ ಹೊಳೆಗಳಲ್ಲಿ, ಆರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ, ಸ್ಟೀಲ್‌ಹೆಡ್ ಎಂಬ ಮೀನಿಗೆ ಬಳಕೆಯಾಗುವ ಬಲು ಪ್ರಸಿದ್ಧ ಕಟ್ಟು. ಊಹೆಗೆ ಆಧಾರ ದೊರೆತಿತ್ತು.

ಆದರೆ ಎರಡು ಸಂಗತಿಗಳು ಉಳಿದವು. ಆ ಕಟ್ಟಿನ ಮೈಗೆ ಶೆನೀಲ್ ಎಂಬ ಜೊಂಪು ನೂಲನ್ನು ಸುತ್ತುವುದು ವಾಡಿಕೆ; ನಮ್ಮದು ಅಷ್ಟು ನುಣುಪಾಗಿರಲಿಲ್ಲ. ಅದು ಕಟ್ಟಿದವನ ಅನುಕೂಲವಿರಬಹುದೆಂದು ಇಬ್ಬರೂ ಬಿಟ್ಟೆವು. ಇನ್ನು ಜಜ್ಜಿದ ಹಿಮ್ಮುಳ್ಳು. ಅದು ಸ್ಖಾಲಿತ್ಯವಲ್ಲವೆಂದರು ನನ್ನ ವಿದ್ಯಾರ್ಥಿ. ಮೀನನ್ನು ಮತ್ತೆ ನೀರಿಗೆ ಬಿಡುವವರು ಕೊಕ್ಕೆ ಸುಲಭವಾಗಿ ಕಳಚಿಕೊಳ್ಳಲೆಂದು ಇಕ್ಕಳದಿಂದ ಅದನ್ನು ಒತ್ತಿ ಮಟ್ಟ ಮಾಡುತ್ತಾರೆ. ಕಟ್ಟಿದವನು ಬೇಕೆಂದೇ ಮಾಡಿದ ತಿದ್ದುಪಡಿಯನ್ನು ನಾನು ಅವನ ತಪ್ಪೆಂದು ಓದಿದ್ದೆ. ಸಂಪಾದಕರಿಗೆ ಈ ಪ್ರಮಾದ ಹೊಸದಲ್ಲ.

ನಾನು ಮತ್ತೆ ಕಮಲಾಪುರಕ್ಕೆ ಹೋಗಿ ಇದೆಲ್ಲವನ್ನೂ ತಂಗಿಗೆ ವಿವರಿಸಿದೆ. ಅವಳು ಮೊದಲ ಬಾರಿಗೆ ಆ ವಸ್ತುವನ್ನು ಕೈಯಲ್ಲಿ ಹಿಡಿದು, ಬಾಗಿಲ ಬೆಳಕಿಗೆ ಹೋಗಿ, ಅದರ ಕರಿಯ ಮೈಯನ್ನು ಹೆಬ್ಬೆರಳಿನಿಂದ ತೀಡಿ ನೋಡಿದಳು. "ಇದು ಅಂಗಡಿ ನೂಲಲ್ಲಣ್ಣಾ, ಕಂಬಳಿ ಉಣ್ಣಿ" ಎಂದಳು. ಮಗ ಹೊರಟಾಗ ಅಲ್ಲಿ ಚಳಿ ಬಹಳವೆಂದು ಕೇಳಿ ಅವಳೇ ಪೆಟ್ಟಿಗೆಯಲ್ಲಿ ಒಂದು ಕರಿಯ ಕಂಬಳಿಯನ್ನು ಮಡಿಸಿಟ್ಟಿದ್ದಳು. ಅದರ ಜೋಡಿ ಇನ್ನೂ ಮನೆಯಲ್ಲಿತ್ತು. ತಂದು ಅಂಚಿನ ಎಳೆಯನ್ನು ಪಕ್ಕದಲ್ಲಿಟ್ಟಳು. ಪುಸ್ತಕ ತಿರುವಿದ ನಾವಿಬ್ಬರು ಬಿಟ್ಟ ಪಾಠವನ್ನು ಪುಸ್ತಕ ತಿರುವದ ಅವಳು ಓದಿದಳು. ಉಣ್ಣೆಯನ್ನು ಮುಟ್ಟಿ ಬಲ್ಲ ಭಾವನವರೂ ಅದನ್ನು ಓದಿರಬೇಕೆ? ಅವರಿಲ್ಲದಾಗ ಅವರ ಪರವಾಗಿ ಉತ್ತರ ಹೇಳುವ ಅಧಿಕಾರ ನನಗಿಲ್ಲ. ಅವರು ಅದನ್ನು ಎಸೆಯಲಿಲ್ಲ, ವಿಭೂತಿಯ ಪಕ್ಕದಲ್ಲಿಟ್ಟರು ಎಂಬಷ್ಟು ಮಾತ್ರ ಸಿದ್ಧ.

ಆ ರಾತ್ರಿ ಅವಳೇ ಮಗನಿಗೆ ಫೋನು ಮಾಡಿದಳು. ನಶ್ಯದ ಡಬ್ಬಿಯ ಮಾತು ಕೇಳಿ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನೊಡನೆ, "ಮಾಮಾ, ಚಿಟ್ಟೀನೂ ಇಟ್ಟಿದ್ದೆ. ಅಪ್ಪಾ, ಇದರಾಗ ಮುಳ್ಳಿಲ್ಲ ಅಂತ ಒಂದೇ ಸಾಲು ಬರದಿದ್ದೆ. ಜವಾಬ ಬರಲಿಲ್ಲ" ಎಂದ. ಚೀಟಿ ಟ್ರಂಕಿನಲ್ಲಿ ಇರಲಿಲ್ಲ.

ಅವನು ಹೇಳಿದ ಮೀನಿನ ಕಥೆಯನ್ನು ನಿಮಗೂ ಹೇಳಬೇಕು. ಸ್ಟೀಲ್‌ಹೆಡ್ ಎಂಬುದು ರೈನ್‌ಬೋ ಟ್ರೌಟ್ ಮೀನಿನದೇ ಕಡಲಿಗೆ ಹೋಗಿಬರುವ ರೂಪ. ಹೊಳೆಯಲ್ಲಿ ಹುಟ್ಟಿ, ಎಳವೆಯನ್ನು ಅಲ್ಲಿಯೇ ಕಳೆದು, ಸಮುದ್ರಕ್ಕಿಳಿದು, ಬೆಳೆದು, ಮೊಟ್ಟೆಯಿಡಲು ಸಾಮಾನ್ಯವಾಗಿ ಹುಟ್ಟಿದ ಹೊಳೆಗೇ ಮರಳುತ್ತದೆ. ಶಾಂತಸಾಗರದ ಸಾಲ್ಮನ್ ಮೊಟ್ಟೆಯಿಟ್ಟು ಸಾಯುತ್ತದೆ. ಇದು ಕೆಲವೊಮ್ಮೆ ಬದುಕಿ ಮತ್ತೆ ಕಡಲಿಗೆ ಹೋಗುವುದುಂಟು. ಮರಳಿ ಬರುವಾಗ ಅದು ಹೆಚ್ಚಾಗಿ ಆಹಾರದ ಗೊಡವೆಗೆ ಹೋಗುವುದಿಲ್ಲ. ಹಸಿವಿಲ್ಲದ ಮೀನಿಗೆ ಎರೆ ಯಾವುದು? ಆದ್ದರಿಂದಲೇ ಈ ನೊಣ ಯಾವ ನಿಜವಾದ ಹುಳುವನ್ನೂ ಹೋಲುವುದಿಲ್ಲ. ಎದುರಿಗೆ ಹಾದುಹೋದ ಕಪ್ಪು ಬಿಳುಪಿನ ಜೀವವನ್ನು ಕಂಡು ಕೋಪದಿಂದಲೋ ಕುತೂಹಲದಿಂದಲೋ ಎಳವೆಯ ಅಭ್ಯಾಸಬಲದಿಂದಲೋ ಅದು ಬಾಯಿ ಹಾಕುತ್ತದೆ. ನಿಜವಾದ ಕಾರಣ ಮೀನಿಗೇ ಗೊತ್ತು. ನಮ್ಮ ಕವಿಗಳು ಮೀನಿನ ಪಾಲಿಗೆ ಕೊಟ್ಟ ರಸನೇಂದ್ರಿಯ ಇಲ್ಲಿ ನಿರಪರಾಧಿ. ಈ ಮೀನು ಪತಂಗದಂತೆ ಕಣ್ಣಿನಿಂದ ಕೆಡುತ್ತದೆ.

ಹಿಡಿಯುವ ವಿಧಾನವೂ ಒಂದು ಛಂದಸ್ಸಿನಂತಿದೆ. ಹೊಳೆಗೆ ಅಡ್ಡಲಾಗಿ, ತುಸು ಕೆಳಮುಖವಾಗಿ, ನೊಣವನ್ನು ಎಸೆಯಬೇಕು. ಪ್ರವಾಹ ದಾರದ ನಡುಭಾಗವನ್ನು ಬಿಲ್ಲಿನಂತೆ ಬಾಗಿಸಿ ನೊಣವನ್ನು ಅವಸರದಿಂದ ಎಳೆಯತೊಡಗುತ್ತದೆ. ಅದಕ್ಕೆ ಮುನ್ನವೇ ಕೋಲಿನಿಂದ ದಾರವನ್ನೆತ್ತಿ ಪ್ರವಾಹದ ಮೇಲ್ಭಾಗಕ್ಕೆ ಮಗುಚಬೇಕು. ಆಗ ನೊಣ ತುಸು ಮುಳುಗಿ, ಅರೆವೃತ್ತದಲ್ಲಿ ನಿಧಾನವಾಗಿ ನಮ್ಮ ದಡದ ಕಡೆಗೆ ತೂಗಿಬರುತ್ತದೆ. ದಾರ ನೇರವಾದ ಮೇಲೂ ಒಂದು ಗಳಿಗೆ ಕಾಯಬೇಕು. ಹಿಂಬಾಲಿಸಿ ಬಂದ ಮೀನು ಅಲ್ಲಿ ಮನಸ್ಸು ಮಾಡುವುದುಂಟು. ಮೀನು ಮುಟ್ಟಿದೊಡನೆ ಕೋಲನ್ನು ಜಗ್ಗಬಾರದು. ಅದು ಕಚ್ಚಿ ತಿರುಗಲು ಅವಕಾಶ ಕೊಡಬೇಕು, ತಿರುಗುವ ಭಾರಕ್ಕೇ ಕೊಕ್ಕೆ ನಾಟುತ್ತದೆ. ಏನೂ ಮುಟ್ಟದಿದ್ದರೆ ಎರಡು ಹೆಜ್ಜೆ ಕೆಳಗಿಳಿದು ಮತ್ತೆ ಎಸೆಯಬೇಕು. ಸಾವಿರ ಎಸೆತಕ್ಕೆ ಒಂದು ಮೀನು ಎಂದು ಅಲ್ಲಿಯವರು ಹೇಳುತ್ತಾರಂತೆ. ಅವನಿರುವ ಕಡೆಯ ಪ್ಯೂಜೆಟ್ ಸೌಂಡ್ ಹೊಳೆಗಳ ಸ್ಟೀಲ್‌ಹೆಡ್ 2007ರಿಂದ ಅಪಾಯಕ್ಕೆ ಒಳಗಾದ ಜೀವಿಗಳ ಪಟ್ಟಿಯಲ್ಲಿದೆ. ಕೃತಕವಾಗಿ ಮರಿಮಾಡಿ ಬಿಟ್ಟ ಮೀನುಗಳಿಗೆ ಬೆನ್ನಿನ ಹಿಂಬದಿಯ ಪುಟ್ಟ ಈಜುರೆಕ್ಕೆಯನ್ನು ಕತ್ತರಿಸಿ ಗುರುತು ಮಾಡಿರುತ್ತಾರೆ. ಆ ರೆಕ್ಕೆ ಇದ್ದರೆ ಅದು ಹೊಳೆಯ ಸ್ವಂತ ಮೀನು, ಅದನ್ನು ನೀರಿಗೆ ಬಿಡಬೇಕು. ಆ ಹಳೆಯ ಚಿತ್ರದ ಮೀನೂ ನೀರಿಗೆ ಮರಳಿತ್ತು.

ಇಷ್ಟು ಕೇಳಿದ ಮೇಲೆ ನನ್ನ ತಂಗಿ ಫೋನನ್ನು ತನ್ನ ಕೈಗೆ ತೆಗೆದುಕೊಂಡು, "ಮೀನಕ್ಕ ನೋಯೂದಿಲ್ಲೇನೋ?" ಎಂದು ಕೇಳಿದಳು. ಅವನು ಶಾಸ್ತ್ರ ಹೇಳಲಿಲ್ಲ. "ನೋಯ್ತದವ್ವಾ" ಎಂದ. ಆ ಉತ್ತರಕ್ಕಾಗಿ ನಾನು ಅವನನ್ನು ಮೆಚ್ಚಿದೆ.

ಆ ದಿನಗಳಲ್ಲೇ ನಾನು ಇನ್ನೊಂದು ಪುಸ್ತಕವನ್ನು ಹುಡುಕಿ ತೆಗೆದೆ. ಕಮಲಾಪುರದಿಂದ ಅದೇ ದಾರಿಯಲ್ಲಿ ಹುಮನಾಬಾದಿಗೆ ಹೋಗಿ ಪಶ್ಚಿಮಕ್ಕೆ ತಿರುಗಿದರೆ ಬಸವಕಲ್ಯಾಣ, ಚಾಲುಕ್ಯರ ಕಲ್ಯಾಣ. ಅಲ್ಲಿಂದ ಆಳಿದ ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ, ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ. 'ಅಭಿಲಷಿತಾರ್ಥಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು. ನಾಲ್ಕನೆಯದಾದ ವಿನೋದವಿಂಶತಿಯಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವಿದೆ. ಕಡಲಿನ ಮೀನು ಯಾವುವು, ಹೊಳೆಯವು ಯಾವುವು, ಪೊರೆಯುಳ್ಳವು ಯಾವುವು, ಇಲ್ಲದವು ಯಾವುವು, ಯಾವುದಕ್ಕೆ ಯಾವ ಉಂಡೆ ಮಾಡಿ ಹಾಕಬೇಕು, ಕೋಲು ದಾರ ಗಾಳಗಳು ಹೇಗಿರಬೇಕು, ಸಿಕ್ಕ ಮೀನನ್ನು ಹೇಗೆ ದಣಿಸಬೇಕು ಎಂಬುದೆಲ್ಲ ಅಲ್ಲಿದೆ. ಝೂಲಾಜಿಕಲ್ ಸರ್ವೆ ಆಫ್ ಇಂಡಿಯಾದ ನಿರ್ದೇಶಕರಾಗಿದ್ದ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಕುರಿತು ಬರೆದು, ಅಲ್ಲಿಯ ಮೀನಿನ ಹೆಸರುಗಳನ್ನು ಇಂದಿನ ಜಾತಿಗಳೊಡನೆ ಹೊಂದಿಸಿ ನೋಡಿದರು. ನಮ್ಮ ನೆಲದ ಅರಸನೊಬ್ಬ ಗಾಳವನ್ನು ವಿದ್ಯೆಯೆಂದು ಬಗೆದು ಬರೆದ ಪುಟಗಳನ್ನು ಕನ್ನಡದ ಮೇಷ್ಟ್ರಾದ ನಾನು ಅದುವರೆಗೆ ತೆರೆದು ನೋಡಿರಲಿಲ್ಲ.

ಅರಸನಿಗೂ ಅಳಿಯನಿಗೂ ಒಂದು ಭೇದ ನನಗೆ ಕಂಡಿತು. ಸೋಮೇಶ್ವರನ ಕ್ರಮದಲ್ಲಿ ಮೀನಿಗೆ ಮೊದಲು ಉಣಿಸಿ ಒಂದೆಡೆಗೆ ರೂಢಿ ಮಾಡಿಸುತ್ತಾರೆ, ಗಾಳ ಆಮೇಲೆ. ಅಲ್ಲಿ ಮೀನಿನ ರುಚಿಯ ಜ್ಞಾನವೇ ಜ್ಞಾನ. ಕೂದಲ ರೆಕ್ಕೆಯವನು ಉಣಿಸುವುದಿಲ್ಲ, ಕೊಲ್ಲುವುದೂ ಇಲ್ಲ, ಮುಟ್ಟಿ ಬಿಡುತ್ತಾನೆ. ಅರಸ ಮಾಡಿದ್ದು ವಿಶ್ವಾಸದ್ರೋಹ ಎನ್ನೋಣವೆಂದರೆ ಅವನ ಮೀನು ಅಡುಗೆಮನೆಗೆ ಹೋಗುತ್ತಿತ್ತು. ಹಸಿವೆಂಬ ಸಮರ್ಥನೆಯಾದರೂ ಅಲ್ಲಿತ್ತು. ಅಳಿಯನಿಗೆ ಆ ಸಮರ್ಥನೆಯಿಲ್ಲ. ಹಿಮ್ಮುಳ್ಳನ್ನು ಒತ್ತಿದರೆ ನೋವು ಕಡಿಮೆಯಾದೀತು, ಇಲ್ಲವಾಗದು. ಇನ್ನೊಂದು ಮಾತೂ ಇದೆ. ನಮ್ಮ ಕಾವೇರಿಯ ಗೂನು ಬೆನ್ನಿನ ಮಹಶೀರ್ ಮೀನನ್ನು ಜಗತ್ತಿಗೆ ಪರಿಚಯ ಮಾಡಿಸಿದವರು ಗಾಳದವರೇ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನದನ್ನು ಹಿಡಿದದ್ದು ಪ್ರಸಿದ್ಧ. ಆದರೂ ಅದರ ಶಾಸ್ತ್ರೀಯ ಹೆಸರು ಟೋರ್ ರೆಮಾದೇವಿ ಎಂದು ನಿಶ್ಚಯವಾದದ್ದು 2018ರಲ್ಲಿ. ಅಷ್ಟರಲ್ಲಿ ಮೀನು ಅಳಿವಿನ ಅಂಚನ್ನು ತಲುಪಿತ್ತು. ಹೆಸರು ಗೊತ್ತಿಲ್ಲದ್ದನ್ನು ಯಾರೂ ಕಾಪಾಡುವುದಿಲ್ಲ. ಹೊಳೆಗೆ ಇಳಿಯದವನಿಗೆ ಹೆಸರು ಗೊತ್ತಾಗುವುದಿಲ್ಲ. ಭಾವನವರ ನಿಷ್ಠುರವೂ ಅಳಿಯನ ಹೊಳೆಯೂ ಎರಡೂ ಧರ್ಮವೇ ಎಂದು ಹೇಳಿ ಪಾರಾಗಲು ನನ್ನಿಂದ ಆಗದು. ಅವರಿಬ್ಬರೂ ಒಮ್ಮೆ ಎದುರೆದುರು ಕೂತು ಈ ವಾದವನ್ನು ಆಡಿ ಮುಗಿಸಬಹುದಿತ್ತು ಎಂಬ ಸಂಕಟ ಮಾತ್ರ ನನ್ನದು.

ಮಳೆಗಾಲದಲ್ಲಿ ಒಂದು ದಿನ ತಂಗಿ ಹಟ ಮಾಡಿದಳು: ಇದು ನೀರಿನಲ್ಲಿ ಹೇಗಿರುತ್ತದೆಂದು ನೋಡಬೇಕು. ಬೆಳಕೋಟಾ ಬಳಿಯ ಗಂಡೋರಿ ನಾಲಾ ಜಲಾಶಯದ ಕಡೆಗೆ ಹೋಗಿ, ನೀರು ಹರಿಯುತ್ತಿದ್ದ ಒಂದು ಹಳ್ಳದ ದಂಡೆಯಲ್ಲಿ ನಿಂತೆವು. ಕೊಕ್ಕೆಯ ತುದಿಗೆ ಬೆಂಡಿನ ತುಂಡೊಂದನ್ನು ಚುಚ್ಚಿ ನಿರಪಾಯ ಮಾಡಿ, ಬಿದಿರಿನ ಕೋಲಿಗೆ ದಾರ ಕಟ್ಟಿ ಇಳಿಬಿಟ್ಟೆ. ಬಲೆ ಹೆಗಲಿಗೇರಿಸಿ ಹೊರಟಿದ್ದ ವೃದ್ಧರೊಬ್ಬರು ನಿಂತು ನೋಡಿದರು. "ಕೂದಲಾ ತಿನ್ನೋ ಮೀನ ನಮ್ಮ ಕಡಿ ಇಲ್ರೀ ಸರ" ಎಂದು ನಕ್ಕರು. ಬೆಂಡು ಅದನ್ನು ಮೇಲಕ್ಕೆ ಎತ್ತುತ್ತಿತ್ತು. ವೃದ್ಧರು ಒಂದು ಸಣ್ಣ ಕಲ್ಲನ್ನು ಹುಡುಕಿ, ನೊಣದಿಂದ ಗೇಣು ದೂರದಲ್ಲಿ ದಾರಕ್ಕೆ ಕಟ್ಟಿಕೊಟ್ಟರು. ಆಗ ಅದು ಮುಳುಗಿತು. ಡಬ್ಬಿಯಲ್ಲಿ ಸತ್ತ ಹುಳುವಿನಂತೆ ಬಿದ್ದಿದ್ದ ಬಿಳಿಯ ಕೂದಲು ಹರಿವಿನಲ್ಲಿ ಮೈಗಂಟಿಕೊಂಡಿತು, ಹರಿವು ಸಡಿಲಾದಾಗ ಬಿಚ್ಚಿತು, ಮತ್ತೆ ಮುಚ್ಚಿತು. ಜರಿ ಒಮ್ಮೆ ಮಿನುಗಿತು. ಕಂಬಳಿಯ ಉಣ್ಣೆ ನೀರುಂಡು ಕಪ್ಪಾಗಿ ಮೈದುಂಬಿಕೊಂಡಿತು. ಗರಿಗೆ ಬದಲು ಕೂದಲೇಕೆ ಎಂಬುದಕ್ಕೆ ಪುಸ್ತಕ ಹೇಳಿದ ಕಾರಣ ಕಣ್ಣೆದುರಿಗಿತ್ತು. "ಉಸುರಾಡ್ಲಿಕ್ಕತ್ತದ ನೋಡಣ್ಣಾ" ಎಂದಳು ತಂಗಿ. ವೃದ್ಧರು ನಗು ನಿಲ್ಲಿಸಿ ಬಾಗಿ ನೋಡಿದರು. "ಕಟ್ಟಿದಾಂವ ನೀರಾಗ ನಿಂತು ಕಲ್ತಾನ್ರೀ" ಎಂದು ಹೇಳಿ ತಮ್ಮ ದಾರಿ ಹಿಡಿದರು. ಅಳಿಯನಿಗೆ ಈ ಮಾತನ್ನು ತಪ್ಪದೆ ತಿಳಿಸಿದ್ದೇನೆ.

ಅದನ್ನು ಒರೆಸಿ, ಒಣಗಿಸಿ, ಮತ್ತೆ ಆ ನಶ್ಯದ ಡಬ್ಬಿಗೇ ಸೇರಿಸಿದೆವು. ಡಬ್ಬಿ ಟ್ರಂಕಿಗೆ ಹೋಗಲಿಲ್ಲ. ಈಗ ಪಡಸಾಲೆಯ ಗೂಡಿನಲ್ಲಿದೆ. ನಾನು ಹೊರಡುವಾಗ ತಂಗಿ ಒಂದು ಲಕೋಟೆಯನ್ನು ಕೈಗಿತ್ತು, ಕಲಬುರಗಿಯ ದೊಡ್ಡ ಪೋಸ್ಟಿನಲ್ಲಿ ಹಾಕು ಎಂದಳು. ಒಳಗೆ ಚೀಟಿ ಇರಲಿಲ್ಲ. ಮನೆಯಲ್ಲಿ ಉಳಿದ ಕಂಬಳಿಯ ಅಂಚಿನಿಂದ ಬಿಚ್ಚಿದ ಒಂದು ಮಾರು ಕರಿಯ ಉಣ್ಣೆ ಇತ್ತು. ಅಂಚೆಯ ಗುಮಾಸ್ತರು ಒಳಗೇನೆಂದು ಕೇಳಿದಾಗ ನೂಲು ಎಂದೆ. ತೂಕ ಮಾಡಿ, ರಸೀದಿ ಹರಿದು ಕೊಟ್ಟರು.